ಜೊತೆಗೆ ಒಬ್ಬರು ಮಾತ್ರ

ಬಸ್ಸು ಓಡಿಸಿದವರು ಆ ಬೀದಿಯಲ್ಲಿ ಇನ್ನೂ ನಾಲ್ಕಾರು ಮಂದಿ ಇದ್ದರು. ಆದರೆ ಡ್ರೈವರು ಅಂದರೆ ಎಲ್ಲರ ಮನಸ್ಸಿಗೆ ಬರುತ್ತಿದ್ದುದು ಮೂಲೆಮನೆಯವರೊಬ್ಬರೇ. ನಿವೃತ್ತರಾಗಿ ಎಷ್ಟೋ ವರ್ಷ ಕಳೆದಿದ್ದರೂ ಬೆಳಿಗ್ಗೆ ಎದ್ದು, ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇನ್ನೇನು ಡ್ಯೂಟಿಗೆ ಹೊರಟೆ ಅನ್ನುವ ಹಾಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತರೆ ಅವರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಎದುರಿಗೆ ನಾಯಿ ಬಂದರೂ ಸರಿ, ಸೈಕಲ್ ಬಂದರೂ ಸರಿ, ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮಗನ ಕಾರಿನ ಕಾಲಡಿಯ ಮ್ಯಾಟು ಸವೆದುಹೋಗಿತ್ತು.

"ಅಪ್ಪಾ, ನೀವು ಒತ್ತೋದಕ್ಕೆ ಕಾರು ನಿಲ್ತಿದೆ ಅಂದ್ಕೊಂಡಿದ್ದೀರಾ?" ಎಂದು ಮಗ ನಗುತ್ತಿದ್ದ.

"ನಿಂತಿತಲ್ಲ ಮತ್ತೆ" ಎನ್ನುತ್ತಿದ್ದರು ಅವರು.

ಸಂಸಾರವನ್ನೂ ಅವರು ಹಾಗೇ ನಡೆಸಿದವರು. ಎಲ್ಲಿಗೆ, ಯಾವಾಗ, ಯಾರ್ಯಾರು ಎನ್ನುವುದೆಲ್ಲ ಅವರದೇ ತೀರ್ಮಾನ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಮಷಿನ್ನಿನ ಸದ್ದಿನಲ್ಲಿ ಗಂಡನ ಮಾತು ಅರ್ಧ ಕಿವಿಗೆ ಬೀಳುತ್ತಿತ್ತು, ಅರ್ಧ ಬೀಳುತ್ತಿರಲಿಲ್ಲ. ಎರಡಕ್ಕೂ "ಆಯ್ತು ಬಿಡಿ" ಎನ್ನುತ್ತಿದ್ದಳು. ಆಯ್ತು ಬಿಡಿ ಎಂದಮೇಲೆ ತನಗೆ ಸರಿಕಂಡದ್ದನ್ನೇ ಮಾಡುತ್ತಿದ್ದುದೂ ಉಂಟು. ಅದು ಡ್ರೈವರ ಗಮನಕ್ಕೆ ಬಂದದ್ದು ಕಡಿಮೆ.

ಮದುವೆಯಾಗಿ ಐವತ್ತು ವರ್ಷ ತುಂಬುವ ಹೊತ್ತಿಗೆ, ಒಂದು ಹಾಲ್ ಹಿಡಿದು ನೆಂಟರಿಗೆಲ್ಲ ಊಟ ಹಾಕಿಸಿದರಾಯಿತು ಎಂದು ಅವರು ಹೇಳಿ ಮುಗಿಸಿದ್ದರು. ಆದರೆ ಮಗಳು ಒಂದು ಸಂಜೆ ಅಳಿಯನ ಜೊತೆ ಬಂದು ಫೋನಿನಲ್ಲಿ ಹಡಗಿನ ಚಿತ್ರ ತೋರಿಸಿದಳು. ಏಳು ದಿನದ ಪ್ರಯಾಣ. ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳು, ಎಲ್ಲರೂ ಒಟ್ಟಿಗೆ. ಡ್ರೈವರು ಚಿತ್ರವನ್ನು ದೂರ ಹಿಡಿದು ನೋಡಿ ಮೂಗು ಮುರಿದರು.

"ನೀರಿನ ಮೇಲೆ ಬ್ರೇಕು ಹಿಡಿಯುತ್ತೇನಮ್ಮಾ? ಅದೆಲ್ಲ ಬೇಡ."

ಮಷಿನ್ ನಿಂತಿತು. ಹೆಂಡತಿ ದಾರ ಕಚ್ಚಿ ಕತ್ತರಿಸಿ, "ನಾನಂತೂ ಹೋಗ್ತೀನಿ" ಎಂದಳು. "ನೀವು ಬರೋದಾದ್ರೆ ಬನ್ನಿ."

ಐವತ್ತು ವರ್ಷದಲ್ಲಿ ಇಂಥ ಮಾತು ಅವರು ಕೇಳಿರಲಿಲ್ಲ. ಅಳಿಯ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಡ್ರೈವರು ಮಾರನೆಯ ದಿನ ಹೊಸದೊಂದು ಸೂಟ್‌ಕೇಸು ತಂದು ಮಂಚದ ಕೆಳಗೆ ಸರಿಸಿದರು.

ಹಡಗು ಹೊರಟಾಗ ಅವರ ಬಲಗಾಲು ಡೆಕ್ಕಿನ ಹಲಗೆಯನ್ನು ಒತ್ತಿತು. ಹಡಗಿಗೆ ಅದರ ಪರಿವೆಯೇ ಇರಲಿಲ್ಲ. ದಡ ತಾನೇ ಹಿಂದೆ ಸರಿದು ಹೋಗುತ್ತಿರುವಂತೆ ಕಾಣಿಸಿತು. ಇದನ್ನು ಓಡಿಸುತ್ತಿರುವವನು ಯಾರು, ಎಲ್ಲಿ ಕೂತಿದ್ದಾನೆ, ಎಷ್ಟು ವರ್ಷದ ಸರ್ವೀಸು ಎಂದು ಅವರು ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಏನು ಅರ್ಥ ಮಾಡಿಕೊಂಡಳೋ, ಅವರಿಗೆ ಒಂದು ಲೋಟ ಹಣ್ಣಿನ ರಸ ತಂದುಕೊಟ್ಟಳು.

ಹೆಂಡತಿಗೆ ಮಾತ್ರ ಹಡಗು ಹುಟ್ಟಿದಾಗಿನಿಂದ ಗೊತ್ತಿದ್ದ ಜಾಗದ ಹಾಗಿತ್ತು. ಬೆಳಕು ಹರಿಯುವುದೇ ತಡ, ಸ್ವೆಟರು ಹಾಕಿಕೊಂಡು ಡೆಕ್ಕಿಗೆ ಹೋಗಿಬಿಡುತ್ತಿದ್ದಳು. ಗಾಳಿಗೆ ಕೂದಲು ಬಿಚ್ಚಿಹೋದರೂ ಕಟ್ಟಿಕೊಳ್ಳುತ್ತಿರಲಿಲ್ಲ. ಡ್ರೈವರು ಹಿಂದೆಯೇ ಹೋಗಿ, "ಶೀತ ಆಗುತ್ತೆ, ಒಳಗೆ ಬಾ" ಎಂದರೆ, "ಆಯ್ತು ಬಿಡಿ" ಎಂದು ಅಲ್ಲೇ ನಿಲ್ಲುತ್ತಿದ್ದಳು. ಊಟದ ಹಾಲ್‌ನಲ್ಲಿ ತಟ್ಟೆಯಲ್ಲಿದ್ದುದನ್ನು ಅತ್ತಿತ್ತ ತಳ್ಳಿ ಎದ್ದುಬಿಡುತ್ತಿದ್ದಳು. "ಇಲ್ಲಿನ ಊಟ ನಂಗೆ ಒಗ್ಗಲ್ಲ" ಎಂದಾಗ ಡ್ರೈವರು ನಂಬಿದರು. ಸೊಸೆ ಮಾತ್ರ ಅವಳ ಪಕ್ಕ ಬಿಡದೆ ಅಂಟಿಕೊಂಡೇ ಇದ್ದಳು. ಮೆಟ್ಟಿಲು ಹತ್ತಿದರೂ ಜೊತೆಗೆ, ಕುರ್ಚಿಯಲ್ಲಿ ಕೂತರೂ ಜೊತೆಗೆ. ಗಂಡ ಹೆಂಡತಿಯ ಐವತ್ತನೇ ವರ್ಷದ ಪ್ರವಾಸದಲ್ಲಿ ಇವಳದೇನು ನಡುವೆ ಎಂದು ಡ್ರೈವರಿಗೆ ಕೊಂಚ ಕಿರಿಕಿರಿಯೇ ಆಯಿತು. ಒಂದೇ ಮನೆಯಲ್ಲಿ ಇದ್ದರೂ ಸೊಸೆಯ ಜೊತೆ ಅವರ ಮಾತುಕತೆ "ಊಟ ಆಯ್ತಾ?" ಎನ್ನುವುದನ್ನು ದಾಟಿ ಮುಂದೆ ಹೋದದ್ದೇ ಇಲ್ಲ.

ಮೂರನೆಯ ದಿನ ಬೆಳಗಿನ ತಿಂಡಿಗೆ ಎಲ್ಲರೂ ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ಸಂಜೆಗೆ ಐವತ್ತನೇ ವರ್ಷದ ಪಾರ್ಟಿ. ಚಿಕ್ಕ ಮೊಮ್ಮಕ್ಕಳಿಬ್ಬರು ಕೇಕು ಎಷ್ಟು ದೊಡ್ಡದಿರುತ್ತದೆ ಎಂದು ಜಗಳವಾಡುತ್ತಿದ್ದರು. ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಡಗು ವಾಲಿತೇನೋ ಎಂದು ಡ್ರೈವರು ಕಿಟಕಿಯ ಕಡೆ ನೋಡಿದರು. ಸಮುದ್ರ ಹಾಸಿದ ಬಟ್ಟೆಯ ಹಾಗೆ ಸುಮ್ಮನಿತ್ತು. ತಿರುಗಿ ನೋಡಿದರೆ ಹೆಂಡತಿಯ ಮುಖದಲ್ಲಿ ರಕ್ತವಿಲ್ಲ, ಹಣೆಯ ತುಂಬ ಬೆವರು. ಸೊಸೆ ಆಗಲೇ ಕುರ್ಚಿ ತಳ್ಳಿ ಎದ್ದಿದ್ದಳು.

ಹಡಗಿನ ಆಸ್ಪತ್ರೆ ತೀರ ಕೆಳಗಿನ ಅಂತಸ್ತಿನಲ್ಲಿತ್ತು. ಎರಡೇ ಮಂಚ, ನಡುವೆ ಹಸಿರು ಪರದೆ, ಕಿಟಕಿಯೇ ಇಲ್ಲ. ಇಂಜಿನ್ನಿನ ನಡುಕ ಅಂಗಾಲಿಗೆ ತಾಗುತ್ತಿತ್ತು. ಡಾಕ್ಟರು ಚಿಕ್ಕ ವಯಸ್ಸಿನವರು, ಆಡುವ ಭಾಷೆ ಬೇರೆ. ಕಾಲೇಜು ಓದುವ ಮೊಮ್ಮಗಳು ನಡುವೆ ನಿಂತು ಅತ್ತಲ ಮಾತು ಇತ್ತ, ಇತ್ತಲ ಮಾತು ಅತ್ತ ದಾಟಿಸುತ್ತಿದ್ದಳು.

"ಅಜ್ಜ, ಅಜ್ಜಿ ದಿನಾ ಯಾವ್ಯಾವ ಮಾತ್ರೆ ತಗೋತಾರೆ ಅಂತ ಕೇಳ್ತಿದ್ದಾರೆ."

"ಬಿಪಿದು ಒಂದು" ಎಂದರು ಡ್ರೈವರು. "ಬಿಳೀದು."

"ಅದರ ಹೆಸರು?"

ಅವರು ಹೆಂಡತಿಯ ಕಡೆ ನೋಡಿದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಯಾವುದಾದ್ರೂ ಔಷಧಿ ಒಗ್ಗಲ್ವಾ ಅಂತೆ."

"ಹಾಗೇನಿಲ್ಲ. ಇಲ್ಲ ಅನ್ಸುತ್ತೆ."

"ಹಿಂದೆ ಏನಾದ್ರೂ ಆಪರೇಷನ್ ಆಗಿದ್ಯಾ?"

ಇದಾದರೂ ಗೊತ್ತಿದೆಯಲ್ಲ ಎಂದು ಡ್ರೈವರು ಗಟ್ಟಿಯಾಗಿ ಹೇಳಿದರು. "ಇಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತಿದವಳಲ್ಲ ಅವಳು."

ಪರದೆಯ ಆಚೆಯಿಂದ ಸೊಸೆಯ ದನಿ ಬಂತು. "ಆಗಿದೆ ಮಾವ." ಅವಳು ತಲೆ ತಗ್ಗಿಸಿಕೊಂಡೇ ಈಚೆ ಬಂದಳು. "ನೀವು ಹಳೇ ಡ್ರೈವರ್‌ಗಳ ಜೊತೆ ಟೂರಿಗೆ ಹೋಗಿದ್ರಲ್ಲ, ಆಗ. ಎದೆಯಲ್ಲಿ ಸಣ್ಣ ಗಡ್ಡೆ ಇತ್ತು, ತೆಗೆದ್ರು. ಏನೂ ತೊಂದರೆ ಇಲ್ಲ ಅಂತ ರಿಪೋರ್ಟ್ ಬಂತು. ನಿಮಗೆ ಹೇಳ್ಬೇಡ ಅಂದ್ರು ಅತ್ತೆ."

ಆಮೇಲೆ ಅವಳು ಡಾಕ್ಟರ ಕಡೆ ತಿರುಗಿ ಅವರ ಭಾಷೆಯಲ್ಲೇ ಹೇಳತೊಡಗಿದಳು. ಮಾತ್ರೆಗಳ ಹೆಸರು, ಮೈಗೆ ಆಗದ ಔಷಧಿ, ಪಿತ್ತಕೋಶದಲ್ಲಿ ಕಲ್ಲಿರುವುದು, ತೆಗೆಸಿ ಎಂದು ಊರಿನ ಡಾಕ್ಟರು ಹೇಳಿದ್ದರೂ ಹಡಗಿನಿಂದ ಬಂದಮೇಲೆ ನೋಡೋಣ ಎಂದು ಅತ್ತೆ ಮುಂದೂಡಿದ್ದು. ಮೊಮ್ಮಗಳು ಒಂದೊಂದನ್ನೂ ಅಜ್ಜನ ಕಿವಿಗೆ ಮೆಲ್ಲಗೆ ದಾಟಿಸಿದಳು. ಡ್ರೈವರು ಕೇಳಿಸಿಕೊಳ್ಳುತ್ತ ನಿಂತರು. ಯಾರೋ ಬೇರೆ ಹೆಂಗಸಿನ ವಿಷಯ ಕೇಳುತ್ತಿರುವ ಹಾಗಿತ್ತು. ಅವರ ಮಗಳ ಮುಖವೂ ಸಣ್ಣದಾಗಿತ್ತು. ಅವಳಿಗೂ ಇದು ಯಾವುದೂ ಗೊತ್ತಿರಲಿಲ್ಲ.

ಪಿತ್ತಕೋಶದಲ್ಲಿ ಕೀವು ತುಂಬಿದೆ, ಹಡಗಿನಲ್ಲಿ ಆಪರೇಷನ್ ಮಾಡಲಾಗದು, ಹತ್ತಿರದ ಪಟ್ಟಣದಿಂದ ದೋಣಿ ಬರುತ್ತಿದೆ ಎಂದರು ಡಾಕ್ಟರು. ಜೊತೆಗೆ ಒಬ್ಬರು ಮಾತ್ರ ಹೋಗಬಹುದು.

"ನಾನೇ" ಎಂದರು ಡ್ರೈವರು. ಹೇಳುತ್ತಲೇ ಅಂಗಿಯ ತೋಳು ಮಡಚಿಕೊಂಡರು.

ಡಾಕ್ಟರು ಅವರ ಎಡಮೊಣಕಾಲಿನ ಕಡೆ ನೋಡಿದರು. ಆಯಸ್ಸೆಲ್ಲ ಕ್ಲಚ್ಚು ಒತ್ತಿದ ಕಾಲು ಅದು, ಮೆಟ್ಟಿಲಿಳಿಯುವಾಗ ಮಡಚುತ್ತಿರಲಿಲ್ಲ. ನೀರಿನ ಮಟ್ಟದ ಬಾಗಿಲಿನಿಂದ ಅಲುಗಾಡುವ ದೋಣಿಗೆ ಹಾರಿಕೊಳ್ಳಬೇಕು, ಬಿದ್ದರೆ ಇಬ್ಬರು ರೋಗಿಗಳಾಗುತ್ತಾರೆ ಎಂದು ಮೊಮ್ಮಗಳ ಬಾಯಲ್ಲಿ ಹೇಳಿಸಿದರು.

"ಬೀಳಲ್ಲ ನಾನು. ಅವರಿಗೆ ಹೇಳು. ಅವಳ ಗಂಡ ನಾನು ಅಂತ ಹೇಳು."

ಆಗ ಹೆಂಡತಿ ಕಣ್ಣು ಬಿಟ್ಟಳು. ದನಿ ಸಣ್ಣಗಿತ್ತು, ಆದರೆ ಸ್ಪಷ್ಟವಾಗಿತ್ತು.

"ಅವಳು ಬರಲಿ. ನೀವು ಇರಿ."

ಅಷ್ಟೇ. ಡ್ರೈವರು ಮಡಚಿದ ತೋಳನ್ನು ಹಾಗೇ ಬಿಟ್ಟು ಗೋಡೆಗೆ ಒರಗಿ ನಿಂತರು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ದೋಣಿ ಬಂತು. ಸ್ಟ್ರೆಚರ್ ಇಳಿಸುವುದನ್ನು ಅವರು ಮೇಲಿನ ಡೆಕ್ಕಿನ ಕಟಕಟೆಯ ಮೇಲೆ ಬಗ್ಗಿ ನೋಡಿದರು. ಕಿತ್ತಳೆ ಬಣ್ಣದ ಹೊದಿಕೆಯ ಒಂದು ಗಂಟು ಕಾಣಿಸಿತು, ಮುಖ ಕಾಣಿಸಲಿಲ್ಲ. ಸೊಸೆ ಅತ್ತೆಯ ಮಾತ್ರೆಯ ಬ್ಯಾಗನ್ನು ಎದೆಗವಚಿಕೊಂಡು ಹಾರಿದಳು. ಎಂದೂ ದೋಣಿ ಹತ್ತದ ಹುಡುಗಿ, ಒಂದು ಕ್ಷಣವೂ ಅನುಮಾನಿಸಲಿಲ್ಲ. ದೋಣಿ ಚುಕ್ಕೆಯಾಗುವ ಮೊದಲೇ ಹಡಗು ಮತ್ತೆ ಹೊರಟಿತು. ಮಗ ಪಕ್ಕದಲ್ಲಿ ನಿಂತು, "ಇದು ನಿಲ್ಲಲ್ವಂತೆ ಅಪ್ಪಾ, ಎಷ್ಟು ಕೇಳ್ಕೊಂಡ್ರೂ ಆಗಲ್ಲ ಅಂದ್ರು" ಎಂದ. ಅವನ ಅಮ್ಮನೂ ಹೆಂಡತಿಯೂ ಅದೇ ದೋಣಿಯಲ್ಲಿ. ಅವನಿಗೆ ಏನಾದರೂ ಸಮಾಧಾನ ಹೇಳಬೇಕು ಎಂದು ಡ್ರೈವರಿಗೆ ಅನಿಸಿತು, ಅವನ ಪಕ್ಕಕ್ಕೆ ಇನ್ನಷ್ಟು ಸರಿದು ನಿಂತರು.

ಪಾರ್ಟಿ ಬೇಡವೆಂದು ಅಳಿಯ ಹಡಗಿನ ಕಚೇರಿಗೆ ಹೋಗಿ ಹೇಳಿ ಬಂದಿದ್ದ. ಆ ಮಾತು ಅಡುಗೆಮನೆಯವರೆಗೆ ಮುಟ್ಟಲಿಲ್ಲವೋ ಏನೋ. ಸಂಜೆ, ಹಸಿದ ಮಕ್ಕಳನ್ನು ಕರೆದುಕೊಂಡು ಎಲ್ಲರೂ ಊಟದ ಹಾಲ್‌ಗೆ ಹೋದರೆ, ಏಳೆಂಟು ಬಡಿಸುವವರು ಸಾಲಾಗಿ ಚಪ್ಪಾಳೆ ತಟ್ಟುತ್ತ, ಹಾಡುತ್ತ, ಕೇಕು ಹೊತ್ತು ತಂದರು. ಸಕ್ಕರೆಯಲ್ಲಿ ಮಾಡಿದ ಒಂದು ಮುದುಕ, ಒಂದು ಮುದುಕಿ ಅದರ ಮೇಲೆ ಕೈ ಹಿಡಿದುಕೊಂಡು ನಿಂತಿದ್ದರು. ಸುತ್ತಲಿನ ಮೇಜಿನವರೂ ಎದ್ದು ಚಪ್ಪಾಳೆ ಸೇರಿಸಿದರು. ಬಡಿಸುವವನೊಬ್ಬ ಖಾಲಿ ಕುರ್ಚಿಯನ್ನು ನೋಡಿ ನಗುತ್ತ ಏನೋ ಕೇಳಿದ.

"ಏನಂತೆ?" ಎಂದರು ಡ್ರೈವರು.

ಮೊಮ್ಮಗಳು ತನ್ನ ತಟ್ಟೆಯನ್ನೇ ನೋಡುತ್ತ ಹೇಳಿದಳು. "ಮದುಮಗಳು ಇನ್ನೂ ರೆಡಿ ಆಗ್ತಿದ್ದಾರಾ ಅಂತ."

ಮಗಳು ಕರವಸ್ತ್ರ ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಚಿಕ್ಕವರಿಬ್ಬರು ಕೇಕಿನ ಮೇಲೆ ಕಣ್ಣಿಟ್ಟು, ಕೇಳಲು ಹೆದರಿ ಕೂತಿದ್ದರು. ಬಡಿಸುವವನು ಚಾಕುವನ್ನು ಡ್ರೈವರ ಕೈಗಿತ್ತ. ಬೇಡ ಎನ್ನುವುದಕ್ಕೂ ಅವನ ಭಾಷೆ ಬೇಕಿತ್ತು. ಅವರು ಎದ್ದು ನಿಂತು ಕೇಕಿನ ಒಂದು ಮೂಲೆಯನ್ನು ಕತ್ತರಿಸಿ ಮಕ್ಕಳ ತಟ್ಟೆಗೆ ಹಾಕಿದರು. ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು.

ಆಪರೇಷನ್ ಆಯಿತೆಂಬ ಸುದ್ದಿ ಮರುದಿನ ಬೆಳಿಗ್ಗೆ ಬಂತು. ಫೋನಿನಲ್ಲಿ ಸೊಸೆಯ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಮಲಗಿದ್ದಾರೆ ಮಾವ. ಜ್ವರ ಇದೆ. ಇಳಿಯುತ್ತೆ ಅಂದಿದ್ದಾರೆ."

ಡ್ರೈವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕೇಳಬೇಕಾದ್ದು ಬೇಕಾದಷ್ಟಿತ್ತು, ಕೇಳುವುದು ಹೇಗೆಂದು ತಿಳಿಯಲಿಲ್ಲ.

"ನಿಂದು ಊಟ ಆಯ್ತಾ?" ಎಂದರು.

"ಇಲ್ಲ ಮಾವ" ಎಂದಳು ಸೊಸೆ.

ಹಿಂದಿರುಗುವಾಗ ಹಡಗು ಅದೇ ಪಟ್ಟಣದಲ್ಲಿ ಒಂದು ಮಧ್ಯಾಹ್ನ ನಿಲ್ಲುತ್ತದೆ ಎಂದು ತಿಳಿದಮೇಲೆ ಅವರು ಆ ದಿನಕ್ಕಾಗಿ ಕಾದರು. ಕಾಯುವುದು ಬಿಟ್ಟರೆ ಮಾಡಲು ಬೇರೇನೂ ಇರಲಿಲ್ಲ. ಹಡಗು ಯಾರ ಅವಸರಕ್ಕೂ ಓಗೊಡದೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಮೊದಲೆರಡು ದಿನ ಕಾಲು ಒತ್ತುತ್ತಿದ್ದುದೂ ನಿಂತುಹೋಯಿತು.

ಪಟ್ಟಣದ ಆಸ್ಪತ್ರೆಯಲ್ಲಿ ಹೆಂಡತಿ ದಿಂಬಿಗೊರಗಿ ಕೂತಿದ್ದಳು. ಮೂಗಿನಲ್ಲೊಂದು ನಳಿಕೆ, ಕೈಯಲ್ಲೊಂದು ಸೂಜಿ. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಮಗ, ಮಗಳು, ಮೊಮ್ಮಕ್ಕಳು ಸುತ್ತ ನಿಂತು ಅತ್ತರು, ನಕ್ಕರು, ಆಮೇಲೆ ಗಂಡ ಹೆಂಡತಿ ಇಬ್ಬರನ್ನೇ ಬಿಟ್ಟು ಹೊರಗೆ ಹೋದರು. ಡ್ರೈವರು ಸ್ಟೂಲು ಎಳೆದುಕೊಂಡರು.

"ಕೂದಲು ಯಾಕೆ ಹೀಗೆ ಎದ್ದಿದೆ? ಬಾಚಿಲ್ವಾ?" ಎಂದಳು ಅವಳು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನ್ಮಾಡ್ತಿದ್ರಿ?"

ಡ್ರೈವರು ಯೋಚನೆ ಮಾಡಿದರು. "ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಅವತ್ತೇ."

"ಹಡಗು ಹತ್ತೋಕೆ ಬಿಡ್ತಿದ್ರಾ?"

"ಎಲ್ಲಿಯ ಹಡಗು. ಮನೇಲಿ ಮಲಗು ಅಂತಿದ್ದೆ."

"ಅದಕ್ಕೇ." ಅವಳು ಉಸಿರು ತೆಗೆದುಕೊಳ್ಳಲು ತಡೆದಳು. "ಎರಡು ದಿನ ನೋಡಿದೆನಲ್ಲ. ಚೆನ್ನಾಗಿತ್ತು."

"ಆ ಗಡ್ಡೆ ವಿಷಯ?"

"ಅದು ಹಳೇ ಕಥೆ. ನೀವು ಖುಷಿಯಾಗಿ ಟೂರಿಗೆ ಹೊರಟಿದ್ರಿ. ನಿಮ್ಮನ್ನ ಸಮಾಧಾನ ಮಾಡ್ಕೊಂಡು ನನ್ನನ್ನೂ ನೋಡ್ಕೊಳ್ಳೋ ಶಕ್ತಿ ನಂಗಿರಲಿಲ್ಲ."

ಕೋಪವಿಲ್ಲದೆ, ಬಟ್ಟೆಯ ಅಳತೆ ಹೇಳುವ ದನಿಯಲ್ಲಿ ಹೇಳಿದಳು. ಡ್ರೈವರು ಅವಳ ಸೂಜಿಯಿಲ್ಲದ ಕೈಯ ಹತ್ತಿರ ತಮ್ಮ ಕೈ ಇಟ್ಟರು. ನಿನ್ನ ಜೊತೆ ನಾನಿರುತ್ತೇನೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗ ಬಾಗಿಲಲ್ಲಿ ನಿಂತಿದ್ದ. ಹಡಗಿನವರಿಗೆ ಆ ಪಟ್ಟಣದಲ್ಲಿ ಸಂಜೆಯವರೆಗೆ ಮಾತ್ರ ಇರಲು ಅನುಮತಿ. ರೋಗಿಯ ಜೊತೆಗೆ ಬಂದವರು ಎಂದು ಬರೆಸಿಕೊಂಡಿದ್ದವಳು ಸೊಸೆ ಒಬ್ಬಳೇ. ಮಗ ಯಾರ್ಯಾರನ್ನೋ ಕೇಳಿನೋಡಿದ್ದ. ಹೆಸರು ಬದಲಿಸಲು ವಾರ ಹಿಡಿಯುತ್ತದಂತೆ.

"ಹೊರಡಿ, ಹೊತ್ತಾಯ್ತು" ಎಂದಳು ಹೆಂಡತಿ. ಮಾತು ಮುಗಿಯುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.

ಗೇಟಿನವರೆಗೆ ಸೊಸೆ ಬಂದಳು. ಉಟ್ಟ ಬಟ್ಟೆಯಲ್ಲೇ ಹೊರಟವಳು, ಈಗ ಯಾರೋ ನರ್ಸು ಕೊಟ್ಟ ದೊಗಳೆ ಅಂಗಿ ತೊಟ್ಟಿದ್ದಳು. ಟ್ಯಾಕ್ಸಿ ಕಾಯುತ್ತ ನಿಂತಾಗ ಇದ್ದಕ್ಕಿದ್ದಂತೆ ಅವಳ ಭುಜ ಅಲುಗತೊಡಗಿತು.

"ಮೊದಲೇ ನಿಮಗೆ ಹೇಳ್ಬೇಕಿತ್ತು ಮಾವ. ಅತ್ತೆ ಆಣೆ ಹಾಕಿಸ್ಕೊಂಡಿದ್ರು. ಏನಾದ್ರೂ ಆಗಿದ್ರೆ ನಾನು..."

ಡ್ರೈವರು ಅವಳ ತಲೆಯ ಮೇಲೆ ಕೈಯಿಡಲು ಹೋದರು. ಅಭ್ಯಾಸವಿಲ್ಲದ ಕೈ ನಡುದಾರಿಯಲ್ಲೇ ನಿಂತಿತು. "ಅಳಬೇಡಮ್ಮ" ಎಂದರು. ಮಗ ಬಂದು ಹೆಂಡತಿಯನ್ನು ಹಿಡಿದುಕೊಂಡ. ಟ್ಯಾಕ್ಸಿ ಬಂತು.

ಅತ್ತೆ ಸೊಸೆ ಮನೆ ಸೇರಿದ್ದು ಅದರ ಮುಂದಿನ ತಿಂಗಳು. ಹೆಂಡತಿ ಚೇತರಿಸಿಕೊಂಡಳು, ಮೊದಲಿನ ಬಲ ಮಾತ್ರ ಬರಲಿಲ್ಲ. ಮಷಿನ್ ತುಳಿಯಲು ಆಗುವುದಿಲ್ಲವೆಂದು ಅದನ್ನು ಯಾರಿಗೋ ಕೊಟ್ಟಳು. ಸಂಜೆ ಬೀದಿಯ ಹೆಂಗಸರು ಬಂದು ಕೂತರೆ ಸಮುದ್ರದ ಬೆಳಗಿನ ಬಣ್ಣವನ್ನು ಬಣ್ಣಿಸುತ್ತಿದ್ದಳು. ಅವರು ಡ್ರೈವರ ಕಡೆಗೂ ತಿರುಗಿ, "ನಿಮಗೆ ಹೇಗನಿಸ್ತು?" ಎಂದು ಕೇಳುತ್ತಿದ್ದರು. ಡ್ರೈವರು ಏಳೂ ದಿನ ಹಡಗಿನಲ್ಲಿದ್ದವರು. "ನೀರೇ ನೀರು" ಎಂದಷ್ಟೇ ಹೇಳುತ್ತಿದ್ದರು.