ಅಕ್ಷಾಂಶದ ಮೂರು ನಿಮಿಷ

ಮುಳುಗಿದ ಹಡಗುಗಳ ಸುತ್ತ ಮೀನು ಹೆಚ್ಚು. ಮೂವತ್ತು ವರ್ಷ ದೋಣಿ ನಡೆಸಿದ ಅಪ್ಪ ಅಂಥ ಹನ್ನೊಂದು ಹಡಗು ಹುಡುಕಿ, ಅವುಗಳ ಅಕ್ಷಾಂಶ, ರೇಖಾಂಶಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಕದ್ದವನ ಬಾಯಿಗೆ ಮಣ್ಣು ಬೀಳಲಿ ಎಂದು ಪ್ರತಿ ಅಕ್ಷಾಂಶಕ್ಕೂ ಮೂರು ನಿಮಿಷ ಸೇರಿಸಿಯೇ ಬರೆಯುತ್ತಿದ್ದ. ಸಮುದ್ರದಲ್ಲಿ ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ಮೈಲಿ.

ಈ ಗುಟ್ಟನ್ನು ತನ್ನ ತಮ್ಮನೊಬ್ಬನಿಗೇ ಕಲಿಸಿದ್ದ. "ಇದು ಹೊರಗಿನವರಿಗೆ ಕಣೋ. ನಮ್ಮನಮ್ಮಲ್ಲಿ ಸರಿಯಾಗೇ ಹೇಳ್ಬೇಕು."

ಆ ತಮ್ಮನನ್ನು ಚಿಕ್ಕಪ್ಪ ಎನ್ನಲು ಈಗ ನನಗೆ ಬಾಯಿ ಬರುವುದಿಲ್ಲ. ಹೋದ ವರ್ಷ ಅವನು ಬೇರೆ ದೋಣಿ ಮಾಡಿಕೊಂಡ. ಮೊನ್ನೆ ಅವನಿಗೆ ಮುಳುಗಿದ ಹೊಸ ಹಡಗೊಂದು ಸಿಕ್ಕಿತು. ಎಲ್ಲಿ ಎಂದು ಅಪ್ಪ ಕೇಳಿದ್ದಕ್ಕೆ ಅಂಕಿಗಳನ್ನು ಬರೆದೇ ಕೊಟ್ಟ. "ನಿಂಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ, ಅಣ್ಣ?"

ಮರುದಿನ ಅಪ್ಪನ ಜೊತೆ ನಾನೂ ಹೋದೆ. ಅಲ್ಲಿ ಬರೀ ಮರಳಿನ ತಳ. ಅಪ್ಪ ತಳ ತೋರಿಸುವ ಪರದೆಯನ್ನು ಎರಡು ಸಲ ಅಂಗಿಯಿಂದ ಒರೆಸಿದ. ಆಮೇಲೆ ಅಕ್ಷಾಂಶದಲ್ಲಿ ಮೂರು ನಿಮಿಷ ಕಳೆದು, ದಕ್ಷಿಣಕ್ಕೆ ಹೊರಟ.

ಮೂರು ಮೈಲಿ ಆಚೆ ಪರದೆಯ ಮೇಲೆ ಹಡಗಿನ ಗೂನುಬೆನ್ನು ಎದ್ದು ಕಂಡಿತು. ನೀರಿನ ಮೇಲೆ ಆ ತಮ್ಮನ ದೋಣಿ ನಿಂತಿತ್ತು.

ಅಪ್ಪ ಬಲೆ ಬಿಡಲಿಲ್ಲ. "ಚೆನ್ನಾಗೇ ಕಲಿಸಿದೀನಿ" ಎಂದು ದೋಣಿ ತಿರುಗಿಸಿದ.