ತಾರಸಿಗೆ ತೆಗೆದ ಕೊಂಕು

ನಾವು ಸೊರಬದವರು. ಶಿರಾಳಕೊಪ್ಪದಲ್ಲೊಂದು ಮನೆ ಮನಸ್ಸಿಗೆ ಬಂತು. ಕೊಳ್ಳುವ ಮೊದಲು ತಾರಸಿ ನೋಡಿಸೋಣವೆಂದು ಶಿಕಾರಿಪುರದಿಂದ ಒಬ್ಬ ಎಂಜಿನಿಯರನ್ನು ಕರೆಸಿದೆ. ಅವರು ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು, ಸದ್ದಿಗೆ ಕಿವಿಗೊಟ್ಟು, ಮೇಲೆಯೇ ನನಗೆ ಹೇಳಿದರು: "ಗಟ್ಟಿ ಐತ್ರೀ. ಕಣ್ಮುಚ್ಚಿ ತಗೊಳ್ಳಿ."

ಎತ್ತು ಹಿಡಿಸಿದರೆ ಅದಕ್ಕೇ ಹೆಚ್ಚು ಕೊಂಕು ತೆಗೆಯಬೇಕು ಅನ್ನುವುದು ನಮ್ಮಪ್ಪ ದನದ ಸಂತೆಯಲ್ಲಿ ಕಲಿಸಿದ ವ್ಯಾಪಾರ. ಕೆಳಗಿಳಿದವನೇ ಮನೆಯೊಡತಿಗೆ ಕೇಳುವಂತೆ, "ಏನ್ರೀ ಇದು, ಇವತ್ತೋ ನಾಳೆಯೋ ತಲೆ ಮೇಲೆ ಬೀಳೋ ಹಂಗೈತೆ" ಅಂದೆ. ಎಂಜಿನಿಯರು ನನ್ನ ಮುಖ ನೋಡಿ ಸುಮ್ಮನಾದರು. ಆಕೆಗೆ ಆ ಮೌನವೇ ಸಾಕ್ಷಿಯಾಯಿತು. ಬೆಲೆ ಇಳಿಯಿತು.

ಮುಂಗಡ ಕೊಡಲು ಹೋದಾಗ ನಡುಮನೆ ಖಾಲಿ. ಮಂಚ, ಹಾಸಿಗೆ, ಮಗುವಿನ ತೊಟ್ಟಿಲು ಎಲ್ಲವೂ ಅಂಗಳದ ತಗಡಿನ ಚಪ್ಪರದಡಿ ಇದ್ದವು. "ನೀವು ಹೇಳಿದ ಮೇಲೆ ಒಳಗೆ ಮಲಗಕ್ಕೆ ಧೈರ್ಯ ಬರಲಿಲ್ಲರೀ" ಅಂದರು ಆಕೆ. ತೊಟ್ಟಿಲಲ್ಲಿ ಮಗು ಕೆಮ್ಮುತ್ತಿತ್ತು. ನಿಜ ಹೇಳಿದರೆ ಬೆಲೆ ಮತ್ತೆ ಏರುತ್ತದೆಂದು ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ವ್ಯಾಪಾರಕ್ಕಿಷ್ಟು ಬೆಂಕಿ ಹಾಕ!

ಈಗ ಅದೇ ನಡುಮನೆಯಲ್ಲಿ ನಮ್ಮ ಮಕ್ಕಳು ಬೆಚ್ಚಗೆ ಮಲಗುತ್ತಾರೆ. ಈ ಸಲ ಮೊದಲ ಜೋರು ಮಳೆ ಬಿದ್ದ ದಿನ ಆಕೆಯ ಫೋನು ಬಂತು.

"ತಾರಸಿ ರಿಪೇರಿ ಮಾಡಿಸಿದ್ರೇನ್ರೀ?"

"ಮಾಡಿಸಿದ್ವಿ" ಅಂದೆ.

"ಸದ್ಯ! ನಂಗೆ ನಿಮ್ಮ ಮಕ್ಕಳದ್ದೇ ಯೋಚನೆ ಆಗಿತ್ತು."