ಗಾಡಿಯ ಹಲ್ಲು ನೋಡಿದ ಕರಬಸಪ್ಪ

ಬಂಕಾಪುರದ ಶೇಂಗಾ ವ್ಯಾಪಾರಿ ಕರಬಸಪ್ಪನಿಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಅದೇ ಅವನ ದೊಡ್ಡ ರೋಗ. ಕೂಗಾಡುವವರ ಸಿಟ್ಟು ಹಾಲಿನ ಹಾಗೆ ಉಕ್ಕಿ ಇಳಿದುಬಿಡುತ್ತದೆ. ಇವನದು ಉಪ್ಪಿನಕಾಯಿ, ಇಟ್ಟಷ್ಟೂ ಹುಳಿಯೇರುತ್ತದೆ. ಅವನ ಅಂಗಡಿಯ ಎದುರಿಗೇ ನನ್ನ ಕಿರಾಣಿ ಅಂಗಡಿ. ಆ ಭರಣಿಯ ವಾಸನೆ ಮೊದಲು ಬರುವುದು ನನಗೇ.

ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಅವರ ಮನೆತನಕ್ಕೆ ಹಿಂದಿನಿಂದ ಹೆಸರು. ಸವಣೂರಿನ ಕಡೆ ಎತ್ತಿನ ಜೋಡಿ ನೋಡಲು ಹೊರಟವರು ಕರಬಸಪ್ಪನನ್ನು ಗಾಡಿಯಲ್ಲಿ ಕೂಡಿಸಿಕೊಂಡೇ ಹೋಗುತ್ತಿದ್ದರು. ಅಂಥವನಿಗೆ ಸ್ವಂತ ಬೀಗರೇ ಟೋಪಿ ಹಾಕಿದರು. ಹಾಕಿದ್ದಲ್ಲದೆ, ಹಾಕಿದ ಟೋಪಿಯನ್ನು ನಾಲ್ಕು ಜನರ ಮುಂದೆ ತಟ್ಟಿ ತೋರಿಸಿದರು.

ಬೀಗರೆಂದರೆ ಹಿರೇಕೆರೂರಿನ ಮೃತ್ಯುಂಜಯ, ಕರಬಸಪ್ಪನ ಮಗಳು ಶೀಲಾಳ ಮಾವ. ಅರಿವೆ ಅಂಗಡಿಯ ಯಜಮಾನ, ಬಟ್ಟೆ ಅಳೆದು ಕೊಟ್ಟರೂ ಮಾತು ಅಳೆಯದೆ ಕೊಡುವ ಮನುಷ್ಯ. ಅವರ ಮನೆಯಲ್ಲಿ ಒಂದು ಗಾಡಿ ಇತ್ತು. ಉದ್ದ ಕಾರಿನಷ್ಟು, ಎತ್ತರ ಜೀಪಿನಷ್ಟು. ಈಗ ಎಲ್ಲ ಊರಿನ ಎಲ್ಲ ಓಣಿಯಲ್ಲೂ ನಿಂತಿರುತ್ತದಲ್ಲ, ಆ ಜಾತಿಯದು. ಹೆಸರು ಹೇಳುವುದಿಲ್ಲ, ಈ ಕತೆಯಲ್ಲಿ ಗಾಡಿಯದೇನೂ ತಪ್ಪಿಲ್ಲ. ಮೃತ್ಯುಂಜಯ ಹೊಸದು ತರುವವನಿದ್ದ, ಹಳೆಯದನ್ನು ಬೀಗರಿಗೆ ದುಡ್ಡಿಗೆ ಕೊಟ್ಟ.

"ಹೆಣ್ಣು ಕೊಟ್ಟವರಿಗೆ ಮೋಸ ಮಾಡ್ತೇನೇನ್ರಿ ಬೀಗರ? ಮಗನ ಹಂಗ ಸಾಕೇನಿ ಇದನ್ನ."

ಕರಬಸಪ್ಪ ಬಾನೆಟ್ ಎತ್ತಲಿಲ್ಲ. ಮಗಳನ್ನು ಕೊಟ್ಟ ಮನೆಯ ವಸ್ತುವನ್ನು ತಟ್ಟಿ ಬಡಿದು ನೋಡಿದರೆ ಮರ್ಯಾದೆಯೇ? ಅದೇ ಗಾಡಿಯಲ್ಲಿ ಬಸುರಿ ಮಗಳನ್ನು ತವರಿಗೆ ಕರೆತಂದ. ಅದರಲ್ಲೇ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಬಂದು ಮಾಡಿದ, ಅದರಲ್ಲೇ ಕೂಸನ್ನೂ ಮನೆಗೆ ತಂದ.

ಆಮೇಲೊಂದು ದಿನ ಎಣ್ಣೆ ಬದಲಿಸಲು ಶಿಗ್ಗಾಂವಿಯ ಮುನಾಫನ ಗ್ಯಾರೇಜಿಗೆ ಒಯ್ದ. ಮುನಾಫ ಕೀಲಿ ತಿರುಗಿಸಿದ, ಮತ್ತೊಮ್ಮೆ ತಿರುಗಿಸಿದ, ಹುಬ್ಬು ಗಂಟು ಹಾಕಿದ.

"ಸಾವ್ಕಾರ್ರ, ಕೀಲಿ ತಿರುವಿದ ಕೂಡ್ಲೆ ಏರ್‌ಬ್ಯಾಗಿನ ದೀಪ ಒಮ್ಮೆ ಹತ್ತಿ ಆರಬೇಕು. ಇದು ಹತ್ತಾಕs ಒಲ್ಲದು."

ಸ್ಟೇರಿಂಗಿನ ನಡುವಿನ ಮುಚ್ಚಳ ಬಿಚ್ಚಿದರು. ಡಿಕ್ಕಿ ಹೊಡೆದಾಗ ಉಬ್ಬಿ ಎದೆಯನ್ನು ಕಾಯಬೇಕಾದ ಗಾಳಿಚೀಲ ಅಲ್ಲಿರಲಿಲ್ಲ. ಜಾಗ ಖಾಲಿ ಬಿದ್ದು ಮುಚ್ಚಳ ಅಲುಗಾಡಬಾರದೆಂದು ಯಾರೋ ಒಂದು ಅರಿವೆಯ ಕೈಚೀಲ ಮಡಚಿ ತುರುಕಿದ್ದರು. ಚೀಲದ ಮೇಲೆ ಮೃತ್ಯುಂಜಯನ ಅಂಗಡಿಯ ಹೆಸರು ಅಚ್ಚಾಗಿತ್ತು. ಗಾಡಿ ಹಿಂದೆ ಎಲ್ಲೋ ಟ್ರ್ಯಾಕ್ಟರಿಗೆ ಗುದ್ದಿತ್ತು, ಒಡೆದ ಚೀಲದ ಜಾಗಕ್ಕೆ ಹೊಸದು ಹಾಕಿಸಲು ಬೀಗರಿಗೆ ಕೈ ಬಂದಿರಲಿಲ್ಲ. ಕೈಚೀಲ ಮಾತ್ರ ಧಾರಾಳವಾಗಿ ಕೊಟ್ಟಿದ್ದರು.

ತೊಟ್ಟಿಲ ಕಾರ್ಯಕ್ಕೆ ಬೀಗರು ಬಂಕಾಪುರಕ್ಕೆ ಬಂದರು. ಊಟದ ಪಂಕ್ತಿಯಲ್ಲಿ ಕರಬಸಪ್ಪ ತುಪ್ಪ ಬಡಿಸುವ ನೆಪದಲ್ಲಿ ಮೃತ್ಯುಂಜಯನ ಕಿವಿಯ ಹತ್ತಿರ ಬಗ್ಗಿ, ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲವೆಂದು ಮೆಲ್ಲಗೆ ಹೇಳಿದ. ಮೃತ್ಯುಂಜಯ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಹೋಳಿಗೆಯ ಕೈಯನ್ನು ಮೇಲೆತ್ತಿ ಪಂಕ್ತಿಗೆಲ್ಲ ಕೇಳುವ ಹಾಗೆ ನಕ್ಕ.

"ಕೇಳ್ರಿಪಾ! ಎತ್ತಿನ ಹಲ್ಲು ನೋಡೋ ನಮ್ಮ ಬೀಗರು ಗಾಡಿ ಹಲ್ಲು ನೋಡಲಾರದ ತಗೊಂಡಾರಂತ! ತಪ್ಪು ಕೊಟ್ಟವರದೋ, ತಗೊಂಡವರದೋ?"

ಪಂಕ್ತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮೃತ್ಯುಂಜಯನ ವಿಧವೆ ಅಕ್ಕ. ಆ ಮನೆಯ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ಆ ಹೆಂಗಸನ್ನು ಅಲ್ಲಿ ಎಲ್ಲರೂ 'ಅಕ್ಕಾರು' ಎಂದೇ ಕರೆಯುವುದು. ಒಳಗೆ ತೊಟ್ಟಿಲ ಹತ್ತಿರ ಕುಳಿತಿದ್ದ ಶೀಲಾಗೆ ನಗೆ ಕೇಳಿಸಿತು, ಯಾಕೆಂದು ತಿಳಿಯಲಿಲ್ಲ. ಕರಬಸಪ್ಪ ತುಪ್ಪದ ಗಿಂಡಿ ಹಿಡಿದು ಮುಂದಿನ ಎಲೆಗೆ ಹೋದ. ಹೆಣ್ಣು ಕೊಟ್ಟವನು ಇನ್ನೇನು ಮಾಡಬೇಕು? ಆದರೆ ಆ ದಿನ ಅವನು ಊಟ ಮಾಡಲಿಲ್ಲ.

ಆ ಗಾಡಿಯನ್ನು ಅವನು ಯಾರಿಗೂ ಮಾರಲಿಲ್ಲ. ಹೊಲದ ಶೆಡ್ಡಿಗೆ ಎಳೆಸಿ ಶೇಂಗಾ ಹೊಟ್ಟು ತುಂಬಿಸಿಟ್ಟ. ಊರಿಗೆ ಮೋಸ ಮಾಡುವ ಜೀವ ಅವನದಲ್ಲ, ಬೇಕಾಗಿದ್ದುದು ಒಬ್ಬನೇ ಒಬ್ಬ ಗಿರಾಕಿ.

"ನಗಲಿ, ಇವತ್ತು ನಗಲಿ," ಎಂದು ನನ್ನ ಕಟ್ಟೆಯ ಮೇಲೆ ಕುಳಿತು ಹೇಳಿದ. "ನಾನೂ ಒಂದಿನ ಹಿಂಗs ಮುಚ್ಚಳ ಬಿಚ್ಚಿ ತೋರಿಸ್ತೇನಿ. ಅವರ ಊರಾಗ, ಅವರ ಮಂದಿ ಮುಂದ."

ಅವತ್ತಿನಿಂದ ಆ ಗಾಡಿಯ ವಂಶಾವಳಿಯನ್ನೇ ಹಿಡಿದು ಕುಳಿತ. ಹಾವೇರಿ, ಹುಬ್ಬಳ್ಳಿಯ ಷೋರೂಮುಗಳಿಗೆ ಹೊಸ ಅಂಗಿ ತೊಟ್ಟು ಹೋಗಿ ಗಿರಾಕಿಯ ಹಾಗೆ ಓಡಿಸಿ ನೋಡಿ ಬಂದ. ಮುನಾಫನ ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಕುಳಿತ. ಹಳೆಯ, ನಡುವಿನ, ಹೊಸ ಮಾದರಿಗಳಿಗೆ ಎತ್ತಿನ ಲೆಕ್ಕದಲ್ಲೇ ಹೆಸರಿಟ್ಟ. ಮೊದಲು ಬಂದದ್ದು 'ಬಾಯಿಗೂಡಿದ್ದು', ಅಂದರೆ ಹಲ್ಲೆಲ್ಲ ಬಂದು ವಯಸ್ಸಾದದ್ದು. ನಡುವಿನದು 'ನಾಲ್ಕು ಹಲ್ಲಿಂದು'. ಈಗ ಷೋರೂಮಿನಲ್ಲಿ ನಿಂತದ್ದು 'ಹಾಲುಹಲ್ಲಿಂದು'.

ಕೇಳಿದವರಿಗೆ ಅವನ ತೀರ್ಪು ಸಿದ್ಧವಿರುತ್ತಿತ್ತು. ಬಾಯಿಗೂಡಿದ್ದು ಡೀಸೆಲ್ಲು, ಗಿರಣಿಯ ಹಾಗೆ ಸದ್ದು, ಹಿಂದೆ ಕುಳಿತವರ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಆದರೆ ಮಳೆಗಾಲದ ಎರೆಮಣ್ಣಿನಲ್ಲಿ ಹೊಲದ ತನಕ ಹೋಗಿ ಬರುವುದು ಅದೊಂದೇ, ಬಾಗಿಲು ಹಾಕಿದರೆ ತಿಜೋರಿ ಹಾಕಿದ ಹಾಗೆ. ನಾಲ್ಕು ಹಲ್ಲಿನದು ಮೆತ್ತಗೆ ಓಡುತ್ತದೆ, ಹಿಂದಿನವರಿಗೂ ತಣ್ಣನೆ ಗಾಳಿ, ಡಿಕ್ಕಿಯಲ್ಲಿ ಎರಡು ಚೀಲ ನೆಟ್ಟಗೆ ನಿಲ್ಲುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಇದೇ ಸರಿ, ಆದರೆ ಯಾರ ಕೈಯಲ್ಲಿತ್ತು ಎಂಬುದನ್ನು ಗಾಡಿಗಿಂತ ಮೊದಲು ನೋಡಬೇಕು. ಹಾಲುಹಲ್ಲಿನದರಲ್ಲಿ ಆರು ಏರ್‌ಬ್ಯಾಗ್, ಸುತ್ತಲೂ ಕ್ಯಾಮೆರಾ, ನೆತ್ತಿಯ ಮೇಲೆ ಗಾಜಿನ ಕಿಟಕಿ. ಮಾತೂ ಆಡುತ್ತದೆ. "ರಸ್ತಾದ ಮ್ಯಾಲ ಒಣಗಾಕ ಗೋವಿನಜ್ವಾಳ ಹರವಿದ್ದು ನೋಡಿ ಬಡಕೊಳ್ಳಾಕ ಹತ್ತತು ನೋಡು," ಎಂದು ನಗುತ್ತಿದ್ದ. "ನಮ್ಮ ಕಡಿ ಅದಕ್ಕ ಇನ್ನೂ ರೂಢಿ ಆಗಬೇಕು. ಜೀವದ ಆಸೆ ಇದ್ದವರು ಅದನ್ನs ತಗೋಬೇಕು."

ಹಾನಗಲ್ಲಿನಲ್ಲಿ ಹಳೆಯ ಗಾಡಿ ಮಾರುವ ಮುಬಶೀರನ ಅಂಗಳಕ್ಕೂ ಗಿರಾಕಿಗಳು ಇವನನ್ನು ಕರೆದುಕೊಂಡು ಹೋಗತೊಡಗಿದರು. ಕರಬಸಪ್ಪ ಹೂಂ ಎಂದರೆ ವ್ಯಾಪಾರ ಕುದುರಿತು, ತಲೆ ಅಲ್ಲಾಡಿಸಿದರೆ ಮುಗಿಯಿತು. ಬರಬರುತ್ತಾ "ಕರಬಸಪ್ಪ ನೋಡ್ಯಾರ" ಎಂಬ ಮಾತೇ ಒಂದು ಮುದ್ರೆಯಾಯಿತು. ಅಷ್ಟು ಹೆಸರು ಬಂದರೂ ಅವನ ಮುಖದಲ್ಲಿ ಗೆಲುವಿಲ್ಲ. ಹೊಟ್ಟೆಯಲ್ಲಿ ಆ ಪಂಕ್ತಿಯ ನಗೆ ಇನ್ನೂ ಕೂತಿತ್ತು.

ಒಂದು ದಿನ ಮುಬಶೀರ ಫೋನು ಮಾಡಿದ. ಹಿರೇಕೆರೂರಿನ ಮೃತ್ಯುಂಜಯ ನಾಲ್ಕು ಹಲ್ಲಿನದೊಂದನ್ನು ಹುಡುಕುತ್ತಿದ್ದಾನಂತೆ.

"ಮನ್ಯಾಗ ಗಾಡಿ ಐತೆಲ್ಲೋ, ಮತ್ತ ಯಾರಿಗಂತ?"

"ಅಕ್ಕಾರಿಗೆ ಬೇಕಂತ್ರಿ."

ಕರಬಸಪ್ಪನ ಮುಖ ಆ ಹೊತ್ತಿಗೆ ಹೇಗೆ ಅರಳಿತೆಂದರೆ ನಾನು ಇತ್ತ ಕಡೆಯಿಂದಲೇ ಹೆದರಿದೆ. ಜೋರಾಗಿ ನಕ್ಕವಳಿಗೇ ಬೇಕಂತೆ! ಹಾನಗಲ್ಲಿಗೆ ಹೋದ. ಮುಬಶೀರನ ಅಂಗಳದಲ್ಲಿ ಬಿಳಿಯ ನಾಲ್ಕು ಹಲ್ಲಿನದೊಂದು ನಿಂತಿತ್ತು. ಅಪಘಾತವಾಗಿ, ಏರ್‌ಬ್ಯಾಗ್ ಒಡೆದು, ಹೊಸವು ಬರುವ ತನಕ ಬರೀ ಮುಚ್ಚಳ ಹಾಕಿಸಿಕೊಂಡಿತ್ತು.

"ಇದನ್ನs ಕೊಡು ಅವರಿಗೆ."

"ಸಾವ್ಕಾರ್ರ, ಬ್ಯಾಗ್ ಹಾಕಲಾರದ ನಾ ಮಾರಂಗಿಲ್ರಿ. ಅಲ್ಲಾ ಮೆಚ್ಚಂಗಿಲ್ಲ."

"ಮಾರಬ್ಯಾಡ, ಓಡಿಸಿ ನೋಡ್ರಿ ಅಂತ ಕೊಡು. ಬರೋ ವಾರ ನಾ ಅವರ ಮನಿಗೆ ಹೋಗಿ ಮಂದಿ ಮುಂದ ಮುಚ್ಚಳ ಬಿಚ್ಚತೇನಿ. ಆಮ್ಯಾಲ ಬ್ಯಾಗ್ ಹಾಕಿ ಕೊಡು, ಇಲ್ಲಾ ವಾಪಸ್ ತಗೋ. ಅಲ್ಲೀತನಕ ಆ ಮುದುಕಿ ಗುಡಿಗೆ ಹೋಗಿ ಬರೋದಷ್ಟ."

ಮುಬಶೀರನಿಗೆ ಮನಸ್ಸಿರಲಿಲ್ಲ. ಆದರೆ ಅವನ ಅಂಗಳಕ್ಕೆ ಗಿರಾಕಿ ಬರುವುದು ಕರಬಸಪ್ಪನ ಬಾಯಿಂದ. ಕೊಟ್ಟ.

ಕರಬಸಪ್ಪ ಆ ವಾರ ಹಬ್ಬದ ಹುಡುಗನ ಹಾಗಿದ್ದ. ಕ್ಷೌರ ಮಾಡಿಸಿಕೊಂಡ. ಮುಚ್ಚಳ ಬಿಚ್ಚುತ್ತಾ ಆಡಬೇಕಾದ ಮಾತನ್ನು ನನ್ನೆದುರಿಗೆ ಹೇಳಿ ಹೇಳಿ ಹದ ಮಾಡಿಕೊಂಡ. "ಅಲ್ರಿ ಬೀಗರ, ತಪ್ಪು ಕೊಟ್ಟವರದೋ ತಗೊಂಡವರದೋ?" ನನಗೂ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಸೇಡು ಬೇರೆಯವರದಾದರೆ ನೋಡುವವರಿಗೆ ಪುಕ್ಕಟೆ ಆಟ.

ಅವನು ಹೊರಡುವ ಮೊದಲೇ, ಒಂದು ಭಾನುವಾರ ಬೆಳಿಗ್ಗೆ, ಆ ಬಿಳಿಯ ಗಾಡಿ ಅವನ ಮನೆಯ ಮುಂದೆ ಬಂದು ನಿಂತಿತು. ಪಕ್ಕದಲ್ಲಿ ಮೃತ್ಯುಂಜಯ ಕುಳಿತಿದ್ದ. ಹಿಂದೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸದ ಹೆಂಗಸು. ಸ್ಟೇರಿಂಗ್ ಹಿಡಿದವಳು ಶೀಲಾ.

"ಅವ್ವಾ, ಆರತಿ ತಗೊಂಬಾ!" ಎಂದು ಹಾರ್ನ್ ಹೊಡೆದಳು. ಅವಳ ತಾಯಿ ಸರೋಜವ್ವ ಸೆರಗು ಸರಿಮಾಡಿಕೊಳ್ಳುತ್ತಾ ಒಳಗೆ ಓಡಿದಳು.

ಮೃತ್ಯುಂಜಯ ಇಳಿದು ಎರಡೂ ಕೈ ಜೋಡಿಸಿದ. "ನಿಮ್ಮ ಮಗಳಿಗೆ ಹಾನಗಲ್ಲ ಸಾಲ್ಯಾಗ ನೌಕರಿ ಆತ್ರಿ ಬೀಗರ. ಒಮ್ಮೆಲೆ ಬಂದು ಹೇಳೂಣು ಅಂತ ಸುಮ್ಮನಿದ್ವಿ. ಮನ್ಯಾಗ ಈಗ ಎಲ್ಲಾರೂ ಆಕಿಗೆ ಅಕ್ಕಾರು ಅಂತ ಕಾಡಿಸೋದs ಕೆಲಸ. ದಿನಾ ಬಸ್ಸಿಗೆ ಯಾಕಂತ ಗಾಡಿ ತಂದೇನಿ. ಬಂದಾಗಿಂದ ಆಕಿನs ಓಡಿಸಾಕತ್ತಾಳ."

ನಮ್ಮ ಸೀಮೆಯಲ್ಲಿ ಸಾಲಿ ಕಲಿಸುವ ಹೆಣ್ಣುಮಗಳನ್ನು ಅಕ್ಕಾರು ಎನ್ನದೆ ಇನ್ನೇನೆನ್ನುತ್ತಾರೆ? ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿದ್ದದ್ದು ಸೇಡಿನ ಕಿವಿಗೆ ಬೇರೆಯಾಗಿ ಕೇಳಿಸಿತ್ತು. ಕರಬಸಪ್ಪ ಕಟ್ಟೆ ಇಳಿದು ಗಾಡಿಯ ಹತ್ತಿರ ಬಂದ.

"ಶೀಲಾ, ಇಳಿ."

"ಅವ್ವ ಆರತಿ ತರಲಿ ತಡಿಯಪ್ಪಾ."

"ಇಳಿ ಅಂದ್ನಿ! ಕೂಸನ್ನೂ ಇಳಿಸು!"

ಅವನು ಕೂಗಿದ್ದನ್ನು ನಾನು ಮೊದಲ ಸಲ ಕೇಳಿದೆ. ಅವಳು ಇಳಿದಳು. ಕರಬಸಪ್ಪ ಒಳಗಿನಿಂದ ಸ್ಕ್ರೂಡ್ರೈವರ್ ತಂದು ಸ್ಟೇರಿಂಗಿನ ಮುಚ್ಚಳವನ್ನು ಮೀಟಿ ಕಿತ್ತ. ಒಳಗೆ ಏನೂ ಇರಲಿಲ್ಲ. ಆರತಿ ತಟ್ಟೆ ಹಿಡಿದ ಸರೋಜವ್ವ ಬಾಗಿಲಲ್ಲೇ ನಿಂತಳು.

ಮೃತ್ಯುಂಜಯನ ಮುಖ ಬಿಳಿಚಿತು. "ಇದೇನ್ರಿ ಇದು? ಕರಬಸಪ್ಪನವರು ನೋಡ್ಯಾರೇನು ಅಂತ ಕೇಳಿದೆ, ನೋಡ್ಯಾರ್ರಿ ಅಂದ ಆ ಹುಡುಗ. ನಿಮ್ಮ ಹೆಸರು ಕೇಳಿದ ಮ್ಯಾಲ ನಾ ಬಾನೆಟ್ ಸೈತ ಎತ್ತಲಿಲ್ಲ ಬೀಗರ."

ಹದ ಮಾಡಿಟ್ಟ ಮಾತು ಕರಬಸಪ್ಪನ ಬಾಯಿಗೆ ಬರಲಿಲ್ಲ.

ಶೀಲಾ ಖಾಲಿ ಜಾಗ ನೋಡಿದಳು, ಅಪ್ಪನ ಕೈಯ ಸ್ಕ್ರೂಡ್ರೈವರ್ ನೋಡಿದಳು. "ಅಪ್ಪಾ, ನೀ ಗಾಡಿ ಮುಟ್ಟೂ ಮೊದಲs ಇಳಿ ಅಂದಿ. ಒಳಗ ಇಲ್ಲಂತ ಹೆಂಗ ಗೊತ್ತಾತು?"

ಹೇಳಿದ. ಮುಬಶೀರನಿಗೆ ಹೇಳಿಕೊಟ್ಟದ್ದು, ಮುದುಕಿಗೆಂದು ತಿಳಿದದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ಸಿಟ್ಟು ತಿರುಗಿ ಬಂತು, ಮೃತ್ಯುಂಜಯನ ಕಡೆ ಬೆರಳು ಮಾಡಿದ. "ಕಲಿಸಿದವರು ಇವರs! ಇವರು ಕೊಟ್ಟ ಗಾಡ್ಯಾಗ ಏರ್‌ಬ್ಯಾಗಿನ ಬದಲಿ ಇವರ ಅಂಗಡಿ ಚೀಲ ಇತ್ತು. ಕೇಳವರನ್ನ."

ಮೃತ್ಯುಂಜಯ ಕೇಳುವ ಮೊದಲೇ ತಲೆ ಬಗ್ಗಿಸಿದ.

"ಯಾವ ಗಾಡಿ?" ಎಂದಳು ಶೀಲಾ. "ನಾ ತುಂಬಿದ ಬಸುರಿ ಇದ್ದಾಗ ಹುಬ್ಬಳ್ಳಿಗೆ ಅಡ್ಡಾಡಿದ ಗಾಡಿ?"

ಅವಳು ಅಳುತ್ತಾಳೆಂದು ನಾನು ತಿಳಿದೆ. ಅಳಲಿಲ್ಲ. ಕೂಸನ್ನು ಕಂಕುಳಿಗೆ ಏರಿಸಿಕೊಂಡು ಕೀಲಿಯನ್ನು ಅಪ್ಪನ ಅಂಗೈಯಲ್ಲಿಟ್ಟಳು.

"ಅಪ್ಪಾ, ನೀ ಹೊಡಿ. ಮಾವಾರ, ನೀವು ಬಾಜೂಕ ಕುಂದರ್ರಿ. ಇಬ್ಬರೂ ಕೂಡಿ ಇದನ್ನ ಹಾನಗಲ್ಲಿಗೆ ಮುಟ್ಟಿಸಿ ಬರ್ರಿ."

"ಬ್ಯಾಡವಾ," ಎಂದ ಮೃತ್ಯುಂಜಯ ಮೆಲ್ಲಗೆ. "ಲಾರಿ ಕರಸೂಣು, ಹೇರಿಕೊಂಡು ಹೋಗಲಿ."

"ನಾ ಕುಂತಾಗ ಇಬ್ಬರಿಗೂ ಲಾರಿ ನೆನಪಾಗಲಿಲ್ಲರಿ. ನಾ ಕುಂತ ಜಾಗದಾಗ ನೀವೂ ಒಂದ ತಾಸು ಕುಂದರ್ರಿ. ಹತ್ರಿ."

ಸರೋಜವ್ವ ಊಟ ಮಾಡಿ ಹೋಗೆಂದು ಬೇಡಿಕೊಂಡಳು. ಶೀಲಾ ತವರಿನಲ್ಲಿ ನೀರು ಸಹ ಕುಡಿಯದೆ, ಕೆಲಸದ ಹೆಂಗಸನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಇಬ್ಬರೂ ಹತ್ತಿದರು. ಹತ್ತದೆ ಬೇರೆ ದಾರಿ ಇರಲಿಲ್ಲ, ಓಣಿಯೆಲ್ಲ ಬಾಗಿಲಿಗೆ ಬಂದಿತ್ತು. ಇಬ್ಬರೂ ಬೆಲ್ಟ್ ಬಿಗಿದುಕೊಂಡರು, ಎಳೆದು ನೋಡಿ ಮತ್ತೆ ಬಿಗಿದುಕೊಂಡರು. ಮುಂದಿನದನ್ನು ಕರಬಸಪ್ಪನೇ ನನಗೆ ಹೇಳಿದ್ದು. ಹಾನಗಲ್ಲ ರಸ್ತೆಯಲ್ಲಿ ಅವನು ಎತ್ತಿನ ಗಾಡಿಯ ವೇಗ ದಾಟಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದಾಗಲೆಲ್ಲ ಮೃತ್ಯುಂಜಯ ಎರಡೂ ಕೈಯನ್ನು ಎದೆಗೆ ಅಡ್ಡ ಹಿಡಿದು "ಶಿವಾ" ಎನ್ನುತ್ತಿದ್ದ. ಕರಬಸಪ್ಪನಿಗೆ ನಗು ಬರಬೇಕಿತ್ತು. ಅವನ ಕಣ್ಣ ಮುಂದೆ ಇದ್ದದ್ದು ಇಂಥದೇ ರಸ್ತೆಯಲ್ಲಿ ದಿನಾ ಈ ಸೀಟಿನಲ್ಲಿ ಕುಳಿತು ಹೋದ ಮಗಳು.

ಅರ್ಧ ದಾರಿಯಲ್ಲಿ ಹಿಂದಿನಿಂದ ಹಾನಗಲ್ಲಿನ ಮೇಲೆ ಹಿರೇಕೆರೂರಿಗೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತಾ ಬಂತು. ಕರಬಸಪ್ಪ ಬದಿಗೆ ಸರಿದು ಹಾದಿ ಕೊಟ್ಟ. ಕಿಟಕಿಯ ಹತ್ತಿರ ಶೀಲಾ ಕುಳಿತಿದ್ದಳು. ಅವಳ ಭುಜದ ಮೇಲಿನ ಕೂಸು ಅಜ್ಜಂದಿರನ್ನು ಗುರುತು ಹಿಡಿದು ಕೈ ಆಡಿಸಿತು. ಅವಳು ಆ ಕೈಯನ್ನು ಹಿಡಿದು ಒಳಗೆ ಎಳೆದುಕೊಂಡಳು.

"ಈ ಕಡಿ ನೋಡಲಿಲ್ಲಲ್ರಿ ಬೀಗರ," ಎಂದ ಮೃತ್ಯುಂಜಯ.

"ಇಲ್ರಿ," ಎಂದ ಕರಬಸಪ್ಪ.